ಜಾಯಿಂಟ್ ವೀಲಿನ ಬುಡದಲ್ಲಿ ಹದಿನೈದು ವರ್ಷ

ನಿವೃತ್ತಿ ಎಂದರೆ ತಲೆ ನೆರೆಯಬೇಕು, ಶಾಲು ಹೊದಿಸಿಕೊಳ್ಳಬೇಕು, ಗೋಡೆ ಗಡಿಯಾರವೊಂದನ್ನು ಎದೆಗವಚಿಕೊಂಡು ಮನೆಗೆ ಬರಬೇಕು ಎಂದು ಜನ ತಿಳಿದಿದ್ದಾರೆ. ನಾನು ಮೂವತ್ತನಾಲ್ಕಕ್ಕೇ ನಿವೃತ್ತನಾದೆ. ನಾನು ತಿರುಗಿಸುತ್ತಿದ್ದ ಜಾಯಿಂಟ್ ವೀಲೇ ನಿಂತುಹೋದ ಮೇಲೆ ಅದರ ಬುಡದಲ್ಲಿ ನಿಂತವನು ಇನ್ನೇನು ಮಾಡಬೇಕು? ಕೊನೆಯ ದಿನ ಹಾರ ಗಾಲಿಗೆ ಬಿತ್ತು, ನನಗೆ ಬೀಳಲಿಲ್ಲ. ನಮ್ಮ ಅತ್ತೆಯವರು ಮಾತ್ರ ಬಂದವರಿಗೆಲ್ಲ ನನ್ನನ್ನು ‘ರಿಟೈರ್ ಆಗ್ಯಾರ’ ಎಂದೇ ಪರಿಚಯಿಸುತ್ತಾರೆ. ಕೇಳಿದವರು ಒಮ್ಮೆ ನನ್ನ ಕೂದಲು ನೋಡುತ್ತಾರೆ, ಒಮ್ಮೆ ಅತ್ತೆಯ ಮುಖ ನೋಡುತ್ತಾರೆ.

ಮೊನ್ನೆ ಹೊಸ ಪಾರ್ಕೊಂದರಲ್ಲಿ ಗಾಲಿ ತಿರುಗಿಸುವ ಕೆಲಸಕ್ಕೆ ಸೇರಿದ ಇಬ್ಬರು ಮನೆಗೆ ಬಂದಿದ್ದರು. ಅವರ ಗಾಲಿಗೆ ಕಂಪ್ಯೂಟರ್ ಇದೆ, ತೊಟ್ಟಿಲುಗಳಿಗೆ ಗಾಜಿದೆ, ಒಳಗೆ ಹಾಡು ಬರುತ್ತದೆ. ‘ಕೆಲಸದಲ್ಲಿ ಕಲಿಯೋದು ಏನಿದೆ ಸರ್, ಬಟನ್ ಒತ್ತೋದು ತಾನೆ’ ಎಂದರು. ನಾನು ಚಹಾ ಕುಡಿಸಿ ಕಳಿಸಿದೆ. ಆ ಚಹಾದ ಹೊತ್ತಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ದಿನಚರಿ ಬರೆಯುವ ಚಟವಿದೆ. ಮಳೆ, ಜನ, ವಾಂತಿ, ಕಳೆದ ಚಪ್ಪಲಿ ಎಂದು ಪುಟಕ್ಕೆ ನಾಲ್ಕು ಮನೆ ಎಳೆದು ದಿನವೂ ತುಂಬಿಸುತ್ತಿದ್ದೆ. ಆದ್ದರಿಂದ ವರ್ಷಗಳ ವಿಷಯದಲ್ಲಿ ನನ್ನನ್ನು ನಂಬಬಹುದು. ಉಳಿದದ್ದು ನಿಮ್ಮ ಇಚ್ಛೆ.

೧೯೯೪ರಲ್ಲಿ, ಹತ್ತೊಂಬತ್ತು ವರ್ಷದವನಾಗಿದ್ದಾಗ, ಪುಣೆಯಲ್ಲಿ ಸೋಲಾಪುರ ರಸ್ತೆಯ ಮಗ್ಗುಲಿನ ಒಂದು ಪಾರ್ಕಿಗೆ ಸೇರಿದೆ. ಪುಟ್ಟ ರೈಲು, ದೋಣಿ, ಕನ್ನಡಿ ಮನೆ ಎಲ್ಲ ಇದ್ದವು. ಆದರೆ ದೂರದಿಂದ ಕಾಣುತ್ತಿದ್ದದ್ದು ನಮ್ಮ ಗಾಲಿಯೊಂದೇ. ಹದಿನಾರು ತೊಟ್ಟಿಲು, ಒಂದೊಂದರಲ್ಲಿ ನಾಲ್ಕು ಜನ. ಮೇಲೆ ಹೋದರೆ ಒಂದು ಕಡೆ ಪರ್ವತಿ ಗುಡ್ಡದ ಗುಡಿ, ಇನ್ನೊಂದು ಕಡೆ ದಿವೆ ಘಾಟಿನ ಬೋಳು ಬೆಟ್ಟ. ಮರಾಠಿಯವರು ಇದನ್ನು ಆಕಾಶ ಪಾಳಣಾ, ಅಂದರೆ ಆಕಾಶದ ತೊಟ್ಟಿಲು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅವ್ವ ‘ತೊಟ್ಟಲಾ’ ಎನ್ನುತ್ತಿದ್ದಳು. ‘ನಿಮ್ಮ ಸಂಗಮೇಶ ಏನ್ ಮಾಡ್ತಾನ’ ಎಂದು ಯಾರಾದರೂ ಕೇಳಿದರೆ ‘ತೊಟ್ಟಲಾ ತೂಗ್ತಾನ’ ಎಂದು ಅವಳೇ ಹೇಳಿ ಅವಳೇ ಬೇಜಾರಾಗುತ್ತಿದ್ದಳು.

ಬೇಜಾರಿಗೆ ಕಾರಣವಿತ್ತು. ಈ ನೌಕರಿಗೆ ಇದ್ದ ದೊಡ್ಡ ಕುಂದು ಇದೊಂದೇ, ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಪುಣೆಯಲ್ಲಿ ನಮ್ಮ ವಿಜಯಪುರದ ಕಡೆಯ ಮಂದಿಗೆ ಗುಮಾಸ್ತ ನಡೆಯುತ್ತದೆ, ಅಂಗಡಿ ನಡೆಯುತ್ತದೆ, ಭೋಸರಿಯ ಕಾರ್ಖಾನೆಯಲ್ಲಿ ಹೆಲ್ಪರ್ ಆಗಿದ್ದರೂ ‘ಕಂಪನ್ಯಾಗ ಅದಾನ’ ಎಂದು ನಡೆಯುತ್ತದೆ. ಜಾಯಿಂಟ್ ವೀಲ್ ನಡೆಯುವುದಿಲ್ಲ. ಅದು ನಿಂತಲ್ಲೇ ತಿರುಗುತ್ತದೆ, ಹುಡುಗನೂ ಹಾಗೇ ಇರುತ್ತಾನೆ ಎಂಬುದು ಹೆಣ್ಣಿನ ಕಡೆಯವರ ಲೆಕ್ಕ. ಬಂದ ಸಂಬಂಧಗಳೆಲ್ಲ ಚಹಾ ಚುರುಮುರಿಯವರೆಗೆ ಬಂದು, ನೌಕರಿಯ ಹೆಸರು ಕೇಳಿ, ಚಹಾ ಮಾತ್ರ ಕುಡಿದು ಎದ್ದುಹೋದವು. ಕೆಲಸ ಬಿಡು ಎಂದು ಅವ್ವ, ಬಿಡುವುದಿಲ್ಲ ಎಂದು ನಾನು. ಹಟವೇನಲ್ಲ, ಆ ಕೆಲಸ ನನಗೆ ಬರುತ್ತಿತ್ತು. ಬೇರೆ ಕೆಲಸ ಬರುತ್ತದೋ ಇಲ್ಲವೋ ಗೊತ್ತಿರಲಿಲ್ಲ.

ಕಲಿಸಿದವರು ಜಾಧವ್ ಸಾಹೇಬರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು, ಅದನ್ನು ಬಿಟ್ಟು ಗಾಲಿಗೆ ಬಂದವರು. ದಪ್ಪ ಮೀಸೆ, ತೆಳು ದನಿ. ಮೊದಲ ಎರಡು ತಿಂಗಳು ನನ್ನನ್ನು ಲಿವರಿನ ಹತ್ತಿರವೇ ಬಿಡಲಿಲ್ಲ. ಗೇಟಿನ ಬಳಿ ನಿಲ್ಲಿಸಿ ಒಂದೇ ಪಾಠ ಹೇಳಿದರು: ‘ವಜನ್ ಬಘ್, ಚೆಹರಾ ನಕೋ ಬಘೂ.’ ತೂಕ ನೋಡು, ಮುಖ ನೋಡಬೇಡ. ಮುಖ ನೋಡಬಾರದು ಎಂದು ಹತ್ತೊಂಬತ್ತರ ಹುಡುಗನಿಗೆ ಹೇಳುವುದು ಎಂಥ ಶಿಕ್ಷೆ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳುತ್ತಿದ್ದರು.

ತೂಕದ ಕಥೆ ಇಷ್ಟೇ. ಜನ ಬರುವುದು ಗುಂಪಾಗಿ, ಕೂರುವುದು ಗುಂಪಾಗಿ. ಬಂದಂತೆ ಬಿಟ್ಟರೆ ಗಾಲಿಯ ಒಂದು ಮಗ್ಗುಲು ತುಂಬಿ, ಇನ್ನೊಂದು ಮಗ್ಗುಲು ಖಾಲಿ ಉಳಿಯುತ್ತದೆ. ಆಗ ಭಾರದ ಕಡೆ ಇಳಿಯುವಾಗ ಓಡುತ್ತದೆ, ಏರುವಾಗ ನರಳುತ್ತದೆ. ಮೋಟಾರು ಸುಡುತ್ತದೆ, ಬ್ರೇಕು ಸವೆಯುತ್ತದೆ, ಮೇಲಿದ್ದವರ ಹೊಟ್ಟೆಯೊಳಗಿನದು ಕೆಳಗಿದ್ದವರ ಮೇಲೆ ಬೀಳುತ್ತದೆ. ಆದ್ದರಿಂದ ಒಂದು ತೊಟ್ಟಿಲು ತುಂಬಿದ ಮೇಲೆ ಅರ್ಧ ಸುತ್ತು ತಿರುಗಿಸಿ ಅದರ ನೇರ ಎದುರಿನ ತೊಟ್ಟಿಲು ತುಂಬಬೇಕು, ಅದೂ ಸರಿಸಮ ತೂಕದಲ್ಲಿ. ಎಲ್ಲವೂ ಕಣ್ಣಳತೆ. ಪಾರ್ಕಿನ ಬಾಗಿಲಲ್ಲಿ ನಾಣ್ಯ ಹಾಕಿದರೆ ತೂಕ ಮತ್ತು ಭವಿಷ್ಯ ಎರಡನ್ನೂ ಚೀಟಿಯಲ್ಲಿ ಕೊಡುವ ಯಂತ್ರವಿತ್ತಲ್ಲ, ಅದರ ಮೇಲೆ ನಿಲ್ಲಲು ಹೊರಟವರನ್ನು ದೂರದಿಂದ ನೋಡಿ ತೂಕ ಹೇಳಬೇಕು, ತಪ್ಪಿದರೆ ಸಾಹೇಬರಿಗೆ ಚಹಾ ಕುಡಿಸಬೇಕು. ಮೊದಲ ತಿಂಗಳು ಅವರು ಚಹಾಕ್ಕಾಗಿ ಒಮ್ಮೆಯೂ ಜೇಬಿಗೆ ಕೈಹಾಕಲಿಲ್ಲ. ಆ ಚಾಳಿ ನನಗೆ ಇಂದಿಗೂ ಹೋಗಿಲ್ಲ. ಮದುವೆಗೆ ಹೋದರೆ ವಧೂವರರನ್ನು ನೋಡಿ ಎದುರಿಗೆ ಯಾರನ್ನು ಕೂರಿಸಬೇಕು ಎಂದೇ ಮೊದಲು ತೋರುತ್ತದೆ.

ಹೊಸಬರೇ, ಇದನ್ನು ಮಾತ್ರ ನೆನಪಿಡಿ: ತೂಕವನ್ನು ನೋಡಬೇಕು, ಹೇಳಬಾರದು. ಮೊದಲ ವರ್ಷ ಒಬ್ಬ ಹೆಂಗಸಿಗೆ ನಾನು ಬಹಳ ಮರ್ಯಾದೆಯಿಂದ, ‘ತಾವು ಆ ಕಡೆ ಕೂತರೆ ತೂಕ ಸರಿಹೋಗುತ್ತದೆ’ ಎಂದುಬಿಟ್ಟೆ. ಆಕೆ ಸಾಲಿನಿಂದ ಹೊರಗೆ ನಡೆದರು. ಗಂಡ ಟಿಕೆಟ್ ಹಾಳಾಗಬಾರದೆಂದು ಒಬ್ಬನೇ ಕೂತು, ಸುತ್ತಿನುದ್ದಕ್ಕೂ ನಕ್ಕ. ಕೆಳಗೆ ಇಳಿದ ಮೇಲೆ ಅವನ ಜೊತೆ ಮನೆಗೆ ಹೋಗುವವರು ಯಾರೂ ಇರಲಿಲ್ಲ. ಆಮೇಲೆ ಸಾಹೇಬರು ನನಗೆ ಹೇಳಬೇಕಾದ ಮಾತುಗಳನ್ನು ಕಲಿಸಿದರು. ‘ಆ ತೊಟ್ಟಿಲಿನಿಂದ ಪರ್ವತಿ ಚೆನ್ನಾಗಿ ಕಾಣುತ್ತದೆ.’ ‘ಈ ಕಡೆ ಬಿಸಿಲು, ನಿಮ್ಮ ಮಗುವಿಗೆ ಆಗುವುದಿಲ್ಲ.’ ಹದಿನೈದು ವರ್ಷ ನಾನು ಹೇಳಿದ ಸುಳ್ಳುಗಳೆಲ್ಲ ಜನರನ್ನು ಎದುರು ಬದುರು ಕೂರಿಸಲು ಹೇಳಿದವು.

ಒಮ್ಮೆ ತಾಲೀಮಿನ ಪೈಲವಾನರು ಬಂದರು. ಯಾವುದೋ ಕುಸ್ತಿ ಗೆದ್ದ ಸಂಭ್ರಮ, ಕೊರಳಲ್ಲಿ ಹಾರ. ಸಾಹೇಬರು ಊಟಕ್ಕೆ ಹೋಗಿದ್ದರು. ಎರಡು ಅಕ್ಕಪಕ್ಕದ ತೊಟ್ಟಿಲುಗಳಲ್ಲಿ ಎಲ್ಲರೂ ಒಟ್ಟಿಗೇ ಕೂರುತ್ತೇವೆ ಎಂದರು. ಅವರ ತೋಳು ನೋಡಿ ನಾನು ಬೇಡ ಎನ್ನಲಿಲ್ಲ. ಸುತ್ತು ಶುರುವಾಯಿತು. ಇಳಿಯುವಾಗ ಅವರು ನನ್ನ ಮುಂದೆ ಬಸ್ಸಿನಂತೆ ಹಾದುಹೋದರು, ಏರುವಾಗ ನಡುಮಟ್ಟದಲ್ಲಿ ನಿಂತು ನನಗೆ ಕೈಬೀಸಿದರು. ಮತ್ತೆ ಬಸ್ಸು, ಮತ್ತೆ ಕೈಬೀಸು. ಊಟದ ಡಬ್ಬಿ ಹಿಡಿದು ಓಡಿಬಂದ ಸಾಹೇಬರು ಗಾಲಿ ನಿಲ್ಲಿಸಿ, ಪೈಲವಾನರಿಗೆ ಕೈಮುಗಿದು, ಫೋಟೋದಲ್ಲಿ ಎಲ್ಲರ ಮುಖ ಬರಬೇಕೆಂದರೆ ಎದುರು ಬದುರು ಕೂರಬೇಕು ಎಂದರು. ನಮ್ಮ ಹತ್ತಿರ ಕ್ಯಾಮೆರಾ ಇರಲಿಲ್ಲ. ಪೈಲವಾನರು ಅದನ್ನು ಕೇಳಲಿಲ್ಲ, ಮೀಸೆ ತೀಡಿಕೊಂಡು ಅರ್ಧ ಅರ್ಧ ಆಗಿ ಕೂತರು.

ಆ ದಿನಗಳಲ್ಲಿ ಲಿವರು ಇತ್ತು. ಕೊಡಲಿ ಕಾವಿನಷ್ಟು ಉದ್ದ, ಎರಡೂ ಕೈಯಿಂದ ಹಿಂದಕ್ಕೆ ಎಳೆಯಬೇಕು. ೨೦೦೦ದ ಹೊತ್ತಿಗೆ ಅದು ಹೋಗಿ ಹಸಿರು ಕೆಂಪು ಬಟನ್ನುಗಳ ಪೆಟ್ಟಿಗೆ ಬಂತು. ಜಾಧವ್ ಸಾಹೇಬರು ಬಹಳ ದಿನ ಬಟನ್ ಒತ್ತುವಾಗಲೂ ಕಾಲು ಅಗಲಿಸಿ, ಇಡೀ ಮೈ ಹಿಂದಕ್ಕೆ ಬಾಗಿಸಿ ಒತ್ತುತ್ತಿದ್ದರು. ಕಳಚಿಟ್ಟ ಲಿವರಿಗೆ ದಸರೆಯಲ್ಲಿ ಪೂಜೆಯೂ ಆಗುತ್ತಿತ್ತು. ಹೊಸ ಪೆಟ್ಟಿಗೆಗೆ ಕುಂಕುಮ ಹಚ್ಚಿದರೆ ಶಾರ್ಟ್ ಆಗುತ್ತದೆ ಎಂದು ಎಂಜಿನಿಯರ್ ಹೇಳಿದ್ದರಿಂದ ಅದಕ್ಕೆ ಪೂಜೆಯಿಲ್ಲ, ನಮಸ್ಕಾರ ಮಾತ್ರ. ಗಾಲಿ ತಿರುಗುವ ರೀತಿ ಮಾತ್ರ ಬದಲಾಗಲಿಲ್ಲ. ಮೋಟಾರು ಎರಡು ರಬ್ಬರ್ ಚಕ್ರ ತಿರುಗಿಸುತ್ತದೆ, ಅವು ಗಾಲಿಯ ಅಂಚನ್ನು ಒತ್ತಿ ಹಿಡಿದು ಅದನ್ನು ತಿರುಗಿಸುತ್ತವೆ. ಕೈಬ್ರೇಕು ಬೇರೆ, ಅದು ನಡುವಿನ ಅಚ್ಚಿಗೆ. ಇದನ್ನು ಈಗಲೇ ತಿಳಿದುಕೊಂಡರೆ ಮುಂದಿನದು ಅರ್ಥವಾಗುತ್ತದೆ.

ಇನ್ನು ನಮ್ಮ ಗಾಲಿಯ ವಿಶೇಷ ಪದ್ಧತಿ. ಯಾವ ವರ್ಷ ಯಾರು ಶುರುಮಾಡಿದರೋ, ಪೇಟೆಯ ಮನೆತನದವರು ಹುಡುಗ ಹುಡುಗಿಯನ್ನು ತೋರಿಸಲು ನಮ್ಮಲ್ಲಿಗೆ ಬರತೊಡಗಿದ್ದರು. ಮನೆಯಲ್ಲಿ ಇಬ್ಬರನ್ನೇ ಒಂದು ಕೋಣೆಗೆ ಬಿಡಲು ಹಿರಿಯರಿಗೆ ಮುಜುಗರ, ಹೋಟೆಲಿಗೆ ಕಳಿಸಿದರೆ ಯಾರಾದರೂ ನೋಡಿಯಾರೆಂಬ ಭಯ. ತೊಟ್ಟಿಲಿನಲ್ಲಾದರೆ ಇಡೀ ಊರಿಗೆ ಕಾಣುತ್ತಾರೆ, ಯಾರಿಗೂ ಕೇಳಿಸುವುದಿಲ್ಲ. ಹಿರಿಯರು ಕೆಳಗೆ ಕುರ್ಚಿ ಹಾಕಿಕೊಂಡು ಕತ್ತೆತ್ತಿ ಕೂರುತ್ತಿದ್ದರು. ಮೇಲೆ ಹೋದಾಗ ಸ್ವಲ್ಪ ನಿಲ್ಲಿಸಿ ಎಂದು ಹುಡುಗನ ಸೋದರಮಾವ ನನ್ನ ಕಿವಿಯಲ್ಲಿ ಹೇಳುತ್ತಿದ್ದ, ಜಾಸ್ತಿ ನಿಲ್ಲಿಸಬೇಡಿ ಎಂದು ಹುಡುಗಿಯ ಸೋದರಮಾವ ಇನ್ನೊಂದು ಕಿವಿಯಲ್ಲಿ. ನನ್ನ ದಿನಚರಿಗೆ ಐದನೆಯ ಮನೆ ಬಂದದ್ದು ಆಗಲೇ. ಕೂಡಿದ ಜೋಡಿಗೆ ಒಂದು ಗೆರೆ, ಕೂಡದ್ದಕ್ಕೆ ಸೊನ್ನೆ. ಕೂಡಿದ್ದು ಗೊತ್ತಾಗುವುದು ಹೇಗೆ ಎಂದರೆ, ಅವರು ಮಗುವನ್ನು ಎತ್ತಿಕೊಂಡು ಮತ್ತೆ ಬರುತ್ತಾರೆ.

ಊರಿನವರ ಸಂಬಂಧ ಕುದುರಿಸುತ್ತ ನಾನು ಮೂವತ್ತು ದಾಟಿದೆ. ಜಾಧವ್ ಸಾಹೇಬರು ದಿನವೂ ಕೇಳುತ್ತಿದ್ದರು, ಎಲ್ಲರನ್ನೂ ಮೇಲೆ ಕಳಿಸುತ್ತೀಯಲ್ಲ, ನಿನ್ನ ಸರದಿ ಯಾವಾಗ ಎಂದು.

ಸರದಿ ೨೦೦೬ರಲ್ಲಿ ಬಂತು. ರವಿವಾರ ಪೇಟೆಯಲ್ಲಿ ಮಲ್ಲಪ್ಪನವರದು ಸೀರೆ ಅಂಗಡಿ. ನಮ್ಮ ಕಡೆಯವರೇ, ಎರಡು ತಲೆಮಾರಿನಿಂದ ಪುಣೆಯಲ್ಲಿ. ಮಗಳು ಶೋಭಾ ಹಿಂಜವಾಡಿಯ ಒಂದು ಕಂಪನಿಯಲ್ಲಿ ನೌಕರಿಗೆ ಹೋಗುತ್ತಿದ್ದಳು. ಯಾವ ಉದ್ಯೋಗಿ ಯಾವ ಕ್ಯಾಬಿನಲ್ಲಿ, ಯಾವ ದಾರಿಯಲ್ಲಿ ಎಂದು ಹಂಚುವ ಕೆಲಸ. ಮಲ್ಲಪ್ಪನವರು ಮೊದಲೇ ಹೇಳಿಕಳಿಸಿದ್ದರು: ಹುಡುಗನ ಮೇಲೆ ತಕರಾರಿಲ್ಲ, ಗಾಲಿಯ ಮೇಲಿದೆ. ಭೋಸರಿಯಲ್ಲಿ ಗುರುತಿನವರ ಕಾರ್ಖಾನೆ ಇದೆ, ಸ್ಟೋರ್ ಕೀಪರ್ ಕೆಲಸ ಕೊಡಿಸುತ್ತೇನೆ, ಗಾಲಿ ಬಿಟ್ಟರೆ ಮಗಳು. ಅವ್ವ ಮಾತೇ ಆಡದೆ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಅದು ನನಗೆ ಹೇಳಿದ ಮಾತೆಂದು ನನಗೆ ಗೊತ್ತಾಯಿತು.

ತೋರಿಸುವುದಾದರೆ ನಿಮ್ಮ ಗಾಲಿಯಲ್ಲೇ ತೋರಿಸಿ, ಅದು ಎಂಥದೆಂದು ನಾವೂ ನೋಡಿದಂತಾಗುತ್ತದೆ ಎಂದು ಶೋಭಾಳ ತಾಯಿ ಅಂದರಂತೆ. ನಾನು ಆ ದಿನದ ಮಟ್ಟಿಗೆ ರಜೆ ಹಾಕಿ, ಇಸ್ತ್ರಿ ಅಂಗಿ ಹಾಕಿಕೊಂಡು, ಟಿಕೆಟ್ ತೆಗೆದುಕೊಂಡು ನನ್ನದೇ ಗೇಟಿನ ಮುಂದೆ ಸಾಲಿನಲ್ಲಿ ನಿಂತೆ. ಬಟನ್ ಪೆಟ್ಟಿಗೆಯ ಮುಂದೆ ಜಾಧವ್ ಸಾಹೇಬರು ಹೊಸ ಟೋಪಿ ಹಾಕಿಕೊಂಡು ನಿಂತಿದ್ದರು. ಹೆಣ್ಣಿನ ತಂದೆ ತಾಯಿಗೆ, ನಮ್ಮ ಅವ್ವನಿಗೆ ಕುರ್ಚಿ, ಕೋಲ್ಡ್ರಿಂಕ್ ಎಲ್ಲ ಅವರೇ ವ್ಯವಸ್ಥೆ ಮಾಡಿದ್ದರು. ಸ್ವಂತ ಮಗನಿಗೂ ಅಷ್ಟು ಮಾಡಿದ್ದರೋ ಇಲ್ಲವೋ.

ಚಂಪಾಷಷ್ಠಿಯ ಮರುದಿನ ಅದು. ಜೇಜುರಿಯಲ್ಲಿ ಖಂಡೋಬನ ಉತ್ಸವ ಮುಗಿದಿತ್ತು. ಯಾದಗಿರಿ ಕಡೆಯ ಒಂದು ದೊಡ್ಡ ಗುಂಪು ಜೇಜುರಿಗೆ ಬಂದದ್ದು, ಪುಣೆಯಲ್ಲಿ ಕಟ್ಟಡ ಕೆಲಸಕ್ಕಿರುವ ನೆಂಟರನ್ನು ನೋಡಿಕೊಂಡು ಹೋಗೋಣವೆಂದು ಬಂದಿತ್ತು. ನೆಂಟರು ಅವರನ್ನು ಗಾಲಿ ತೋರಿಸಲು ಕರೆತಂದಿದ್ದರು. ಎಲ್ಲರ ಹಣೆಯೂ ಹಳದಿ, ಎಲ್ಲರ ಹೆಗಲಿಗೂ ಭಂಡಾರದ ಚೀಲ. ಭಂಡಾರವೆಂದರೆ ದೇವರ ಅರಿಶಿನಪುಡಿ, ಹಿಡಿ ಹಿಡಿಯಾಗಿ ಮೇಲಕ್ಕೆ ತೂರುವುದು ಅಲ್ಲಿನ ಸೇವೆ.

ನಾನು, ಶೋಭಾ ಒಂದೇ ತೊಟ್ಟಿಲಿನಲ್ಲಿ ಎದುರು ಬದುರು ಕೂತೆವು. ಆಮೇಲೆ ಸಾಹೇಬರು ಜನರನ್ನು ತುಂಬಿಸತೊಡಗಿದರು. ನಾನು ಹುಡುಗಿಯನ್ನು ನೋಡಬೇಕಾದವನು ಕೆಳಗೆ ನೋಡುತ್ತಿದ್ದೆ. ನಮ್ಮ ಮಾತು ಯಾರ ಕಿವಿಗೂ ಬೀಳಬಾರದೆಂಬ ಪ್ರೀತಿಯಿಂದ ಸಾಹೇಬರು ನಮ್ಮ ಎಡಬಲದ ತೊಟ್ಟಿಲುಗಳನ್ನು ಖಾಲಿ ಬಿಡುತ್ತಿದ್ದರು. ಒಂದಲ್ಲ, ಎರಡೂ ಕಡೆ ಎರಡೆರಡು. ಯಾತ್ರಿಕರೆಲ್ಲ ಆಚೆ ಮಗ್ಗುಲಿಗೆ ಹೋಗಿ ಕೂತರು. ನನಗೆ ಕಲಿಸಿದ ಪಾಠವನ್ನು ನನ್ನ ಮದುವೆಗಾಗಿ ಗುರುಗಳೇ ಮರೆತಿದ್ದರು.

“ನೀವು ಹೆಣ್ಣು ನೋಡಾಕ ಬಂದೀರೋ, ಡ್ಯೂಟಿ ಮ್ಯಾಲ ಬಂದೀರೋ?” ಎಂದಳು ಶೋಭಾ.

“ಸಾಹೇಬ್ರು ನಮ್ಮ ಮಗ್ಗಲಾ ಖಾಲಿ ಬಿಟ್ಟಾರ್ರಿ,” ಎಂದೆ.

“ನಾವು ಮಾತಾಡಲಿ ಅಂತ ಬಿಟ್ಟಿರಬೇಕು. ನೀವ್ ನೋಡಿದ್ರ ಮಾತೇ ಆಡವಲ್ರಿ.”

ಅಷ್ಟರಲ್ಲಿ ಗಾಲಿ ತಿರುಗಿತು. ಮೇಲೆ ಹೋದಾಗ ಧೈರ್ಯ ಬಂದು, ಏನಾದರೂ ತೋರಿಸೋಣವೆಂದು ದಿವೆ ಘಾಟಿನ ಕಡೆ ಕೈಮಾಡಿ, ಆ ಬೆಟ್ಟದ ಆಚೆಯೇ ಜೇಜುರಿ ಎಂದೆ. ಗಾಲಿಯ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ ನನ್ನ ದನಿ ದೊಡ್ಡದು. ಮೂರು ತೊಟ್ಟಿಲು ಆಚೆ ಕೂತಿದ್ದ ಒಬ್ಬ ಅಜ್ಜಿಗೆ ಅದು ಕೇಳಿತು. ಅಷ್ಟು ಎತ್ತರದಲ್ಲಿ ಕೂತಾಗ ಸ್ವಾಮಿಯ ದಿಕ್ಕು ಗೊತ್ತಾದ ಮೇಲೆ ಸುಮ್ಮನಿರುವುದು ಹೇಗೆ? ಅವರ ತೊಟ್ಟಿಲು ತುದಿಗೆ ಬಂದದ್ದೇ ಎದ್ದು ನಿಂತು ಭಂಡಾರ ತೂರಿದರು. ಅವರ ಹಿಂದಿನವರು ತೂರಿದರು, ಅವರ ಹಿಂದಿನವರೂ. ಏಳುಕೋಟಿ ಏಳುಕೋಟಿ ಎಂದು ಕೂಗುತ್ತ ತೊಟ್ಟಿಲಿಗೊಂದು ಚೀಲದಂತೆ ಖಾಲಿಮಾಡಿದರು. ಗಾಳಿ ನಮ್ಮ ಕಡೆಗಿತ್ತು. ನನ್ನ ಇಸ್ತ್ರಿ ಅಂಗಿ, ಶೋಭಾಳ ಸೀರೆ, ಕೆಳಗೆ ಮಲ್ಲಪ್ಪನವರ ಬಿಳಿ ಧೋತರ, ಕೋಲ್ಡ್ರಿಂಕ್, ಎಲ್ಲ ಹಳದಿ. ಗಾಲಿಯ ಅಂಚೂ ಹಳದಿ.

ಗಾಲಿ ನಿಂತಿತು. ಮೋಟಾರು ತಿರುಗುತ್ತಿತ್ತು, ರಬ್ಬರ್ ಚಕ್ರಗಳೂ ತಿರುಗುತ್ತಿದ್ದವು, ಆದರೆ ಪುಡಿ ಮೆತ್ತಿದ ಅಂಚಿನ ಮೇಲೆ ಬರೀ ಜಾರುತ್ತಿದ್ದವು. ಜಾಧವ್ ಸಾಹೇಬರು ಕೈಬ್ರೇಕು ಹಾಕಿದರು. ಅದು ಸರಿ. ಆಮೇಲೆ ತೊಳೆದರೆ ಹೋದೀತೆಂದು ಒಂದು ಕೊಡ ನೀರು ಹೊಯ್ದರು. ಅರಿಶಿನಕ್ಕೆ ನೀರು ಹಾಕಿದರೆ ಏನಾಗುತ್ತದೆ ಎಂದು ಮದುವೆ ಮನೆಯಲ್ಲಿ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು. ರಬ್ಬರು ಆ ಮುದ್ದೆಯ ಮೇಲೆ ಸೋಪಿನ ಮೇಲಿನ ಕಾಲಿನಂತೆ ಜಾರತೊಡಗಿತು. ನಾವಿಬ್ಬರು ತುದಿಯ ಹತ್ತಿರ, ಯಾತ್ರಿಕರೆಲ್ಲ ಕೆಳಮಗ್ಗುಲಲ್ಲಿ.

ಅವರಿಗೆ ಗಾಬರಿಯೇ ಇಲ್ಲ. ಖಂಡೋಬನೆಂದರೆ ಅವರಿಗೆ ಮಲ್ಲಯ್ಯ, ಆ ಮಲ್ಲಯ್ಯನೇ ಹಿಡಿದು ನಿಲ್ಲಿಸಿದ್ದಾನೆ ಎಂದು ಕೈಮುಗಿದು ಕೂತಿದ್ದರು. ಗಾಬರಿ ಕೆಳಗಿತ್ತು. ಮಲ್ಲಪ್ಪನವರು ಕುರ್ಚಿಯಿಂದ ಎದ್ದು, ಮೊದಲು ಹುಡುಗಿಯನ್ನು ಇಳಿಸಿ ಎನ್ನುತ್ತಿದ್ದರು. ಸಾಹೇಬರೂ ಅದನ್ನೇ ಮಾಡಲು ಹೊರಟರು. ದೋಣಿಯ ಕಡೆಯ, ರೈಲಿನ ಕಡೆಯ ಹುಡುಗರನ್ನೆಲ್ಲ ಕರೆದು, ಬ್ರೇಕು ಸಡಿಲ ಬಿಟ್ಟು, ಕೆಳಗಿನ ತೊಟ್ಟಿಲುಗಳನ್ನು ಹಿಡಿದು ತಳ್ಳಿ ಗಾಲಿಯನ್ನು ಕೈಯಿಂದಲೇ ತಿರುಗಿಸಿ ನಮ್ಮನ್ನು ಕೆಳಗೆ ತರುವುದು ಅವರ ಯೋಚನೆ.

ಆಗ ನಾನು ಎದ್ದು ನಿಂತು ಕೂಗಿದೆ, “ಸಾಹೇಬ, ಆಧೀ ತ್ಯಾಂನಾ. ಆಮ್ಹೀ ಶೇವಟೀ.” ಮೊದಲು ಅವರನ್ನು, ನಾವು ಕೊನೆಗೆ.

ಮಲ್ಲಪ್ಪನವರಿಗೆ ಮರಾಠಿ ನಮಗಿಂತ ಚೆನ್ನಾಗಿ ಬರುತ್ತಿತ್ತು.

“ಅಪ್ಪ ಇದನ್ನ ಮರಿಯಂಗಿಲ್ರಿ,” ಎಂದಳು ಶೋಭಾ.

“ಗೊತ್ತದ್ರಿ.”

“ಗೊತ್ತಿದ್ದೂ?”

“ನಾವು ಕೆಳಗ ಹೋದ್ವಿ ಅಂದ್ರ ಆ ಮಂದಿ ಎಲ್ಲಾ ಮ್ಯಾಲ ಹೋಗ್ತಾರ. ಅಷ್ಟು ಭಾರ ಮ್ಯಾಲ ಇದ್ದಾಗ ಹುಡುಗ್ರ ಕೈ ಜಾರಿದ್ರ, ಒಮ್ಮೆಲೆ ಕೆಳಗ ಬರ್ತಾರ. ಭಾರ ಇದ್ದವರು ಮೊದ್ಲ ಇಳೀಬೇಕ್ರಿ. ಬ್ರೇಕ್ ಸ್ವಲ್ಪ ಸ್ವಲ್ಪ ಬಿಟ್ರ, ಭಾರ ಇದ್ದದ್ದು ತಾನ ಬುಡಕ್ಕ ಬರ್ತದ.”

ಸೀರೆಯ ಸೆರಗಿನಿಂದ ಕಣ್ಣಿನ ಮೇಲಿನ ಅರಿಶಿನ ಒರೆಸಿಕೊಂಡು, ಬಗ್ಗಿ ಕೆಳಗೆ ನೋಡಿದಳು. ಮೊದಲ ತೊಟ್ಟಿಲು ಖಾಲಿಯಾಯಿತು. ಸಾಹೇಬರು ಬ್ರೇಕು ಬಿಟ್ಟರು, ಗಾಲಿ ತೂಗಿ ಇನ್ನೊಂದು ತೊಟ್ಟಿಲನ್ನು ಬುಡಕ್ಕೆ ತಂದಿತು. ಅಜ್ಜಿ ಇಳಿದರು. ನಾನು ಮುಂದಿನದನ್ನು ಕೂಗಬೇಕೆನ್ನುವಷ್ಟರಲ್ಲಿ ಅವಳೇ ಅಂದಳು:

“ಈಗ ತಲಿಗೆ ಕೆಂಪು ಪಟಗಾ ಸುತ್ತಿದವರು ಬರಲಿ. ಅವರ ತೊಟ್ಟಲದಾಗ ನಾಕೂ ಮಂದಿ ದಪ್ಪ ಅದಾರ.”

ಸರಿಯಾಗಿತ್ತು. ಅದನ್ನೇ ಕೂಗಿದೆ. ಆಮೇಲೆ ಅವಳು ಹೇಳುವುದು, ನಾನು ಮರಾಠಿಯಲ್ಲಿ ಕೂಗುವುದು ಎಂದಾಯಿತು. ನಡುವೆ ಅವಳು ತನ್ನ ಆಫೀಸಿನ ಕಥೆ ಹೇಳಿದಳು. ಅಲ್ಲಿಯೂ ಇದೇ ಪಾಡಂತೆ. ಎಲ್ಲರಿಗೂ ಮೊದಲು ಇಳಿಯಬೇಕು, ಎಲ್ಲರಿಗೂ ಕಿಟಕಿ ಬೇಕು. ದೊಡ್ಡ ಸಾಹೇಬರೊಬ್ಬರು ಡ್ರೈವರಿನ ಪಕ್ಕದ ಸೀಟು ಸಿಗಲಿಲ್ಲವೆಂದು ಇ-ಮೇಲ್ ಬರೆದಿದ್ದರಂತೆ. ನಾನು ಪೈಲವಾನರ ಕಥೆ ಹೇಳಿದೆ. ಅವಳು ಜೋರಾಗಿ ನಕ್ಕಳು. ಕೆಳಗೆ ಕತ್ತೆತ್ತಿ ನಿಂತಿದ್ದ ಅವಳ ತಂದೆಗೆ ನಮ್ಮ ಮಾತು ಕೇಳಲಿಲ್ಲ, ನಗು ಕೇಳಿತು. ಅದರಿಂದ ಅವರ ಸಿಟ್ಟು ಇನ್ನೂ ಏರಿತೆಂದು ಆಮೇಲೆ ತಿಳಿಯಿತು.

ಆಚೆ ಮಗ್ಗುಲು ಪೂರ್ತಿ ಖಾಲಿಯಾದ ಮೇಲೆ ಗಾಲಿಯ ಮೇಲೆ ಭಾರವೆಂದರೆ ನಾವಿಬ್ಬರೇ. ಸಾಹೇಬರು ಬ್ರೇಕು ಬಿಟ್ಟರು. ನಾವು ತಾನಾಗಿ, ಹೂವಿನಂತೆ ಕೆಳಗೆ ಬಂದೆವು. ಹೂವಿನ ಬಣ್ಣವೂ ಇತ್ತು.

ಇಳಿದ ಕೂಡಲೇ ಮಲ್ಲಪ್ಪನವರು ಎದುರಿಗೆ ಬಂದು ನಿಂತರು. ಅವರ ಹಣೆಗೆ ಆ ಅಜ್ಜಿ ಆಗಲೇ ಭಂಡಾರ ಹಚ್ಚಿ ಹೋಗಿದ್ದರು, ಹಾಗಾಗಿ ಸಿಟ್ಟಿನ ಮುಖಕ್ಕೆ ಮಂಗಳಕಾರ್ಯದ ಕಳೆ ಇತ್ತು.

“ಹೆಣ್ಣು ನೋಡಾಕಂತ ಕರದು, ಊರ ಮಂದೀನೆಲ್ಲಾ ಇಳಿಸಿ ಕಡೀಕೆ ನನ್ನ ಮಗಳನ್ನ ಇಳಿಸಿದ್ರೇನ್ರಿ? ಇದಽ ಏನು ನಿಮ್ಮ ಮರ್ಯಾದಿ?” ಎಂದರು.

ನನ್ನ ಹನ್ನೆರಡು ವರ್ಷದ ಸುಳ್ಳುಗಳಲ್ಲಿ ಒಂದೂ ಆ ಹೊತ್ತಿಗೆ ಒದಗಲಿಲ್ಲ. ಅವ್ವ ನನ್ನ ಹಿಂದೆ ನಿಂತು ನಿಟ್ಟುಸಿರು ಬಿಟ್ಟಳು. ತುಪ್ಪದ ದೀಪ ಹೋಯಿತು ಎಂಬ ನಿಟ್ಟುಸಿರು.

ಶೋಭಾ ತಂದೆಯ ಮುಂದೆ ನಿಂತಳು. ದನಿ ಏರಿಸಲಿಲ್ಲ.

“ಅಪ್ಪಾ, ಅಂಗಡ್ಯಾಗ ಗಿರಾಕಿ ನಿಂತಿದ್ರ ನೀ ಅವ್ವಗ ಸೀರಿ ತೋರಸ್ತೀಯೇನು? ಗಿರಾಕಿ ಮೊದ್ಲ ಹೋಗ್ಲಿ, ನಮ್ಮವರು ನಿಂದರಲಿ ಅಂತೀ. ಇವರೂ ಅದನ್ನ ಮಾಡ್ಯಾರ. ನಾನು ಇವರ ಕಡ್ಯಾಕಿ ಅಂತ ನಿಲ್ಲಿಸಿಕೊಂಡಾರ.”

ಮಲ್ಲಪ್ಪನವರು ಧೋತರದ ಅರಿಶಿನ ಕೊಡವತೊಡಗಿದರು. ಅವರ ಹೆಂಡತಿ ಮೆಲ್ಲಗೆ, “ಹ್ವಾದ ದೀಪಾವಳಿ ಸೀರಿ ನನಗಿನ್ನೂ ತೋರಿಸಿಲ್ರಿ ಇವರು,” ಎಂದು ನಮ್ಮ ಅವ್ವನಿಗೆ ಹೇಳಿದರು. ಅವ್ವ ಆಕೆಯ ಕೈಹಿಡಿದು ಕುರ್ಚಿಯ ಕಡೆ ನಡೆದಳು. ಇಬ್ಬರೂ ಅಲ್ಲಿ ಏನು ಮಾತಾಡಿದರೋ, ಗಂಡಸರಾದ ನಮಗೆ ತಿಳಿಯಲಿಲ್ಲ.

‘ನಿಂತೀನಿ’ ಅನ್ನದೆ ‘ನಿಲ್ಲಿಸಿಕೊಂಡಾರ’ ಎಂದಳಲ್ಲ, ಮನೆಗೆ ಹೋಗುವ ದಾರಿಯುದ್ದಕ್ಕೂ ನಾನು ಆ ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅವರ ಮನೆಯಿಂದ ಸುದ್ದಿ ಬರಲು ಎರಡು ವಾರ ಹಿಡಿಯಿತು. ಮಲ್ಲಪ್ಪನವರು ಕಳಿಸಿದ ಸುದ್ದಿಯಲ್ಲಿ ಲಗ್ನದ ಮುಹೂರ್ತವಿತ್ತು, ಭೋಸರಿಯ ಹೆಸರಿರಲಿಲ್ಲ. ಮಗಳು ಹೇಳಿದ್ದಳಂತೆ, ನಾನು ಒಪ್ಪಿದ್ದು ಗಾಲಿಯ ಮೇಲೆ ನೋಡಿದವರನ್ನು, ಸ್ಟೋರಿನಲ್ಲಿ ಕೂತವರನ್ನು ನಾನು ನೋಡೇ ಇಲ್ಲ ಎಂದು.

ಗಾಲಿಯ ಅರಿಶಿನ ಹೋಗಲು ಅಷ್ಟೇ ದಿನ ಬೇಕಾಯಿತು. ಒಣ ಗೋಣಿಚೀಲದಿಂದ ತಿಕ್ಕಿ ತೆಗೆದೆವು. ಆಮೇಲೆ ಗೇಟಿನಲ್ಲಿ ‘ಭಂಡಾರ ಚೀಲ ಇಲ್ಲಿ ಇಡಿ’ ಎಂದು ಕನ್ನಡ ಮರಾಠಿ ಎರಡರಲ್ಲೂ ಹಲಗೆ ಹಾಕಿಸಿದೆವು. ಪುಣೆಯ ಪಾರ್ಕಿನಲ್ಲಿ ಕನ್ನಡದ ಹಲಗೆ ಅದೊಂದೇ ಇದ್ದಿರಬೇಕು. ಹೊಸಬರೇ, ನಿಮ್ಮ ಗಾಜಿನ ತೊಟ್ಟಿಲಿನಿಂದ ಯಾರೂ ಏನನ್ನೂ ತೂರುವಂತಿಲ್ಲ, ಆ ಮಟ್ಟಿಗೆ ನೀವು ಅದೃಷ್ಟವಂತರು. ಆ ಮಟ್ಟಿಗೆ ನಿಮ್ಮ ಕೆಲಸ ಸಪ್ಪೆಯೂ ಹೌದು.

ಮದುವೆಯ ಮರುವರ್ಷದಿಂದ ಮಾವನವರೇ ಬದಲಾದರು. ವಿಜಯಪುರದಿಂದ ಬಂದ ನೆಂಟರನ್ನೆಲ್ಲ ತಪ್ಪದೆ ಪಾರ್ಕಿಗೆ ಕರೆತರುತ್ತಿದ್ದರು. ಗೇಟಿನ ಬಳಿ ನಿಂತು, ಅದು ನಮ್ಮ ಅಳಿಯಂದಿರದು ಎಂದು ಇಡೀ ಗಾಲಿಯನ್ನೇ ತೋರಿಸುತ್ತಿದ್ದರು. ಆದರೆ ತಾವು ಮಾತ್ರ ಒಮ್ಮೆಯೂ ಹತ್ತಲಿಲ್ಲ. ನಾನು ಕರೆದಾಗಲೆಲ್ಲ ಮಗಳ ಮಾತನ್ನೇ ನನಗೆ ತಿರುಗಿಸುತ್ತಿದ್ದರು, “ಗಿರಾಕಿ ಹೋಗ್ಲಿ ಬಿಡ್ರಿ. ನಾ ನಿಮ್ಮವ ಅಲ್ಲೇನು?”

೨೦೦೯ರಲ್ಲಿ ಪಾರ್ಕಿನ ಜಾಗ ಮಾರಾಟವಾಯಿತು. ಫ್ಲ್ಯಾಟುಗಳು ಬರುವುದಿತ್ತು. ಗಾಲಿಯ ಕೊನೆಯ ದಿನವೆಂದು ಸುದ್ದಿ ಹೋಗಿ, ಹದಿನೈದು ವರ್ಷದಲ್ಲಿ ಕಾಣದಷ್ಟು ಜನ ಬಂದರು. ನನ್ನ ಗೆರೆಗಳಲ್ಲಿ ಎಷ್ಟೋ ಮಂದಿ ಮಕ್ಕಳನ್ನು ಎತ್ತಿಕೊಂಡು ಬಂದರು, ಒಂದೆರಡು ಸೊನ್ನೆಗಳೂ ಬೇರೆ ಬೇರೆ ಜೋಡಿಯ ಜೊತೆ ಬಂದು, ಒಬ್ಬರನ್ನೊಬ್ಬರು ನೋಡಿಯೂ ನೋಡದಂತೆ ಸಾಲಿನಲ್ಲಿ ನಿಂತವು. ಜಾಧವ್ ಸಾಹೇಬರು ನಿವೃತ್ತರಾಗಿದ್ದರೂ ಬಂದು ಗೇಟು ಕಾದರು. ಮಾವನವರು ಮಧ್ಯಾಹ್ನವೇ ಬಂದಿದ್ದರು, ಟಿಕೆಟ್ ತೆಗೆದುಕೊಂಡಿದ್ದರು, ಇಸ್ತ್ರಿ ಧೋತರ ಉಟ್ಟಿದ್ದರು. ಇಂದು ಹತ್ತಲೇಬೇಕು ಎಂದು ಶೋಭಾ ಹಟ ಹಿಡಿದು ಕಳಿಸಿದ್ದಳು.

ಪ್ರತಿ ಸುತ್ತಿಗೂ ನಾನು ಅವರಿಗೆಂದು ಒಂದು ಜಾಗ ಹಿಡಿದೆ. ಪ್ರತಿ ಸುತ್ತಿಗೂ ಅವರು ಹಿಂದೆ ನಿಂತವರನ್ನು ಮುಂದೆ ಬಿಟ್ಟರು. ಮುದುಕಿಯೊಬ್ಬಳು ಬಂದರೆ ಅವಳು ಹೋಗಲಿ, ಶಾಲೆಯ ಮಕ್ಕಳು ಬಂದರೆ ಅವರು ಹೋಗಲಿ. ಸಂಜೆಯಾಗಿ ದೀಪ ಹತ್ತಿತು. ಆಫೀಸಿನವರು ಬಂದು ಕರೆಂಟು ತೆಗೆಯುತ್ತೇವೆ, ಸಾಕು ನಿಲ್ಲಿಸಿ ಎಂದರು. ಇನ್ನೊಂದೇ ಸುತ್ತು ಎಂದು ನಾನು ಕೇಳಿಕೊಳ್ಳುವಷ್ಟರಲ್ಲಿ ಗಾಲಿಯ ದೀಪಗಳು ಆರಿದವು. ಕೊನೆಯ ತೊಟ್ಟಿಲಿನವರು ಇಳಿದು ಹೋಗಿದ್ದರು.

ನಾನು ಮಾವನವರ ಹತ್ತಿರ ಹೋದೆ. ಅವರು ಹರಿಯದ ಟಿಕೆಟನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಚಪ್ಪಲಿ ಮೆಟ್ಟಿ, ಸುತ್ತ ಯಾರೂ ಇಲ್ಲವೆಂದು ನೋಡಿ, ನನ್ನ ಹತ್ತಿರ ಬಾಗಿದರು.

“ಛಲೋ ಆತು ಬಿಡ್ರಿ ಅಳಿಯಂದ್ರ. ಮ್ಯಾಲ ಹೋಗೂದಂದ್ರ ನನಗ ಮೊದಲಿಂದ ಎದಿ ನಡಗ್ತದ. ಅವತ್ತ ಅಕೀ ಮ್ಯಾಲ ನಿಂತಾಗ ನಾ ಕೆಳಗ ಸತ್ತು ಹುಟ್ಟೀನಿ. ಶೋಭಾಗ ಹೇಳಬ್ಯಾಡ್ರಿ.”

ಹೇಳಿಲ್ಲ. ಬರೆದಿದ್ದೇನೆ, ಅಷ್ಟೆ.